ಒಂದೇ ಊರು, ಮೂರು ಸ್ಕೂಲ್ ಡಿಸ್ಟ್ರಿಕ್ಟ್: ಅಮೆರಿಕದಲ್ಲಿ ಮಕ್ಕಳ ಶಾಲೆ ನೋಡಿ ಮನೆ ಹುಡುಕುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ನಮ್ಮ ಕಡೆ ನಗುತ್ತಾರೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ) ಕೂಸು ಹುಟ್ಟುವ ಮುಂಚೆ ಹೈಸ್ಕೂಲು ಹುಡುಕುತ್ತಾರೆ, ಯಾರೂ ನಗುವುದಿಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಕೋಸಂಬರಿ ಬಡಿಸಿ ಮುಗಿಯುವುದರೊಳಗೆ ಯಾರೋ ಒಬ್ಬರು ಕೇಳಿರುತ್ತಾರೆ: "ಯಾವ ಡಿಸ್ಟ್ರಿಕ್ಟು ಒಳ್ಳೇದು?" ಪಕ್ಕದ ಎಲೆಯವರು ತಮ್ಮ ಡಿಸ್ಟ್ರಿಕ್ಟಿನ ಹೆಸರು ಹೇಳುತ್ತಾರೆ. ಸಾಲ ಮಾಡಿ ಅಲ್ಲಿ ಮನೆ ಕೊಂಡವರು ಬೇರೇನು ಹೇಳಿಯಾರು?

ಆ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನಗೆ ಎರಡು ಸಲ ಮನೆ ಬದಲಿಸಿದ ಮೇಲೆ ಅರ್ಥವಾಯಿತು. ಡಿಸ್ಟ್ರಿಕ್ಟಿನ ಹೆಸರು ಹಿಡಿದು ಹೋಲಿಸಿದರೆ ದೂರದ ಬೆಟ್ಟವೆಲ್ಲ ನುಣ್ಣಗೇ. ಹೋಲಿಸಬೇಕಾದದ್ದು ಒಂದು ನಿರ್ದಿಷ್ಟ ವಿಳಾಸವನ್ನು ಇನ್ನೊಂದು ನಿರ್ದಿಷ್ಟ ವಿಳಾಸದ ಜೊತೆ, ಅದೂ ನಿಮ್ಮ ಮಗುವನ್ನು ಎದುರಿಗಿಟ್ಟುಕೊಂಡು. ನನಗೆ ಚೆನ್ನಾಗಿ ಗೊತ್ತಿರುವ ಸನಿವೇಲ್, ಕ್ಯೂಪರ್ಟಿನೋ ಸುತ್ತಮುತ್ತಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಹೇಗೆ ಮಾಡುವುದು ಎಂದು ಬರೆಯುತ್ತೇನೆ. ಬೇರೆ ರಾಜ್ಯದವರಿಗೆ ಎಲ್ಲಿ ಲೆಕ್ಕ ಬದಲಾಗುತ್ತದೆ ಎಂಬುದೂ ಹೆಜ್ಜೆ 8ರ ನಂತರದ ಭಾಗದಲ್ಲಿದೆ.

ಹೆಜ್ಜೆ 1: 'ಡಿಸ್ಟ್ರಿಕ್ಟ್' ಅಂದರೆ ಜಿಲ್ಲೆ ಅಲ್ಲ

ನಮ್ಮಲ್ಲಿ ಜಿಲ್ಲೆಗೊಬ್ಬರು ಡಿಡಿಪಿಐ, ತಾಲ್ಲೂಕಿಗೊಬ್ಬರು ಬಿಇಒ, ಎಲ್ಲರ ಮೇಲೆ ಬೆಂಗಳೂರಿನ ಇಲಾಖೆ. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ಹೆಚ್ಚೂಕಡಿಮೆ ಒಂದು ಪುಟ್ಟ ಸರ್ಕಾರ. ಊರಿನವರೇ ಮತ ಹಾಕಿ ಆರಿಸಿದ ಬೋರ್ಡು, ಆ ಬೋರ್ಡು ನೇಮಿಸಿದ ಸೂಪರಿಂಟೆಂಡೆಂಟ್, ಕಟ್ಟಡಗಳಿಗೆ ತನ್ನದೇ ಸಾಲಪತ್ರ (ಬಾಂಡು), ತನ್ನದೇ ಗಡಿ. ಈ ಗಡಿಗೂ ನಗರದ ಗಡಿಗೂ ಸಂಬಂಧವಿರಬೇಕೆಂದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಗಂಟು. ಕೆಲವು ಡಿಸ್ಟ್ರಿಕ್ಟುಗಳು 8ನೇ ತರಗತಿವರೆಗೆ ಮಾತ್ರ. ಕೆಲವು ಬರೀ ಹೈಸ್ಕೂಲಿನವು, ಅಂದರೆ 9ರಿಂದ 12. 'ಯುನಿಫೈಡ್' ಎಂದು ಹೆಸರಿದ್ದವು ಎರಡನ್ನೂ ನಡೆಸುತ್ತವೆ. ಹಾಗಾಗಿ ಒಂದು ಮನೆಗೆ ಎರಡು ಡಿಸ್ಟ್ರಿಕ್ಟ್ ಇರಬಹುದು, ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

ಸನಿವೇಲ್ ಊರನ್ನೇ ನೋಡಿ. ಊರಿನ ಬಹುಭಾಗದ ಮಕ್ಕಳು 8ರವರೆಗೆ ಸನಿವೇಲ್ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಓದುತ್ತಾರೆ. ದಕ್ಷಿಣದ ಕೆಲವು ಬಡಾವಣೆಗಳು ಕ್ಯೂಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟಿಗೆ ಸೇರಿವೆ. ನಿಮಿಟ್ಜ್, ವೆಸ್ಟ್ ವ್ಯಾಲಿ ಶಾಲೆಗಳು ನಿಂತಿರುವುದು ಸನಿವೇಲ್ ನೆಲದಲ್ಲೇ. ಪೂರ್ವದ ತುದಿ ಸಾಂತಾ ಕ್ಲಾರಾ ಯುನಿಫೈಡ್‌ನದು, ಅಲ್ಲಿನ ಮಕ್ಕಳು ವಿಲ್ಕಾಕ್ಸ್ ಹೈಸ್ಕೂಲಿನ ಕಡೆ ಹೋಗುತ್ತಾರೆ. ಮೊದಲ ಎರಡು ಡಿಸ್ಟ್ರಿಕ್ಟಿನ ಮಕ್ಕಳು 9ನೇ ತರಗತಿಗೆ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಒಂದಾಗುತ್ತಾರೆ. ಅದರ ಐದು ಹೈಸ್ಕೂಲುಗಳು: ಕ್ಯೂಪರ್ಟಿನೋ, ಫ್ರೀಮಾಂಟ್, ಹೋಮ್‌ಸ್ಟೆಡ್, ಲಿನ್‌ಬ್ರೂಕ್, ಮಾಂಟಾ ವಿಸ್ತಾ.

ಹೆಸರುಗಳ ಬಲೆಗೂ ಬೀಳಬೇಡಿ. ಫ್ರೀಮಾಂಟ್ ಹೈಸ್ಕೂಲು ಇರುವುದು ಸನಿವೇಲ್‌ನಲ್ಲಿ, ಫ್ರೀಮಾಂಟ್ ನಗರದಲ್ಲಲ್ಲ. ಫ್ರೀಮಾಂಟ್ ನಗರಕ್ಕೆ ಕೊಲ್ಲಿಯ ಆಚೆ ಬೇರೆಯದೇ ಫ್ರೀಮಾಂಟ್ ಯುನಿಫೈಡ್ ಇದೆ. ಮಿಷನ್ ಸ್ಯಾನ್ ಹೋಸೆ ಹೈಸ್ಕೂಲು ಇರುವುದು ಆ ಫ್ರೀಮಾಂಟಿನಲ್ಲಿ, ಸ್ಯಾನ್ ಹೋಸೆಯಲ್ಲಲ್ಲ. ಲಿನ್‌ಬ್ರೂಕ್ ಮಾತ್ರ ಸ್ಯಾನ್ ಹೋಸೆಯಲ್ಲೇ ಇದೆ, ಆದರೆ ಸ್ಯಾನ್ ಹೋಸೆ ಯುನಿಫೈಡ್‌ಗೆ ಸೇರಿಲ್ಲ. ಬೆಂಗಳೂರಿನಿಂದ ಬಂದು ಮೂರನೇ ವಾರಕ್ಕೆ ಬಾಡಿಗೆ ಕರಾರಿಗೆ ಸಹಿ ಹಾಕುವವರಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು!

ಹೆಜ್ಜೆ 2: ವಿಳಾಸ ಹಾಕಿ, ಶಾಲೆಯ ಹೆಸರು ತೆಗೆಯಿರಿ

ಹೆಚ್ಚಿನ ಡಿಸ್ಟ್ರಿಕ್ಟುಗಳ ವೆಬ್‌ಸೈಟಿನಲ್ಲಿ ಮನೆ ನಂಬರು ಮತ್ತು ಬೀದಿ ಹಾಕಿದರೆ ಶಾಲೆ ತೋರಿಸುವ ಹುಡುಕು ಪುಟವಿರುತ್ತದೆ. ಮನೆ ಮಾರುವ ಜಾಲತಾಣಗಳಲ್ಲಿ ಬರುವ ಶಾಲೆಯ ಹೆಸರನ್ನು ಸುಳಿವು ಅಂತ ಮಾತ್ರ ತಗೊಳ್ಳಿ. ನಾವು ಮೊದಲ ಸಲ ಆ ಹೆಸರನ್ನೇ ನಂಬಿ ಬಾಡಿಗೆಗೆ ಹೋದೆವು. ವಿಳಾಸವೇನೋ ಸರಿಯಾಗಿಯೇ ಇತ್ತು. ಆದರೆ ಆಗಸ್ಟ್‌ನಲ್ಲಿ ಹೋಗಿ ನಿಂತರೆ "ಆ ತರಗತಿ ಭರ್ತಿ" ಎಂದು ಮೂರು ಮೈಲಿ ಆಚೆಯ ಇನ್ನೊಂದು ಶಾಲೆಗೆ ಕಳಿಸಿದರು. ಇದಕ್ಕೆ ಇಲ್ಲಿ 'ಓವರ್‌ಫ್ಲೋ' ಅನ್ನುತ್ತಾರೆ. ವರ್ಷವಿಡೀ ಬೆಳಿಗ್ಗೆ ಆ ಮೂರು ಮೈಲಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು, ಯಾಕೆಂದರೆ ಎಲ್ಲ ಮನೆಯವರೂ ಮಕ್ಕಳನ್ನು ಕಾರಿನಲ್ಲೇ ಬಿಡಬೇಕು: ಕ್ಯಾಲಿಫೋರ್ನಿಯಾದಲ್ಲಿ ಹಳದಿ ಸ್ಕೂಲ್ ಬಸ್ಸು ಹೆಚ್ಚಾಗಿ ಸಿನಿಮಾದಲ್ಲಿ ಮಾತ್ರ ಕಾಣಿಸುತ್ತದೆ.

ಆದ್ದರಿಂದ ಡಿಸ್ಟ್ರಿಕ್ಟ್ ಕಚೇರಿಗೆ ಇಮೇಲ್ ಬರೆದು ಮೂರು ವಿಷಯ ಕೇಳಿ. ಈ ವಿಳಾಸಕ್ಕೆ ಯಾವ ಪ್ರಾಥಮಿಕ, ಯಾವ ಮಿಡಲ್ ಶಾಲೆ? ಹೋದ ಎರಡು ವರ್ಷದಲ್ಲಿ ಆ ಶಾಲೆಯಿಂದ ಎಷ್ಟು ಮಕ್ಕಳನ್ನು ಓವರ್‌ಫ್ಲೋ ಎಂದು ಹೊರಗೆ ಕಳಿಸಿದಿರಿ? ಲಾಟರಿಯಲ್ಲಿ ಸೀಟು ಕೊಡುವ ವಿಶೇಷ ಶಾಲೆಗಳು ಯಾವುವು, ಅರ್ಜಿಯ ಕೊನೆಯ ದಿನ ಯಾವುದು? ಉತ್ತರ ಇಮೇಲಿನಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದನ್ನು ಆಮೇಲೆ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಹೈಸ್ಕೂಲು ಬೇರೆ ಡಿಸ್ಟ್ರಿಕ್ಟಿನದಾದರೆ ಅವರಿಗೂ ಒಂದು ಇಮೇಲ್.

ವೀಸಾ ಯಾವುದು ಎಂಬುದು ಶಾಲೆಗೆ ಬೇಕಿಲ್ಲ. ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ತೀರ್ಪಿನ ನಂತರ ವಲಸೆಯ ಸ್ಥಿತಿ ನೋಡಿ ಮಗುವಿಗೆ ಸರ್ಕಾರಿ ಶಾಲೆ ನಿರಾಕರಿಸುವಂತಿಲ್ಲ. ಅವರಿಗೆ ಬೇಕಾದದ್ದು ವಾಸದ ದಾಖಲೆ (ಬಾಡಿಗೆ ಕರಾರು, ಕರೆಂಟ್ ಬಿಲ್ಲು), ಜೊತೆಗೆ ಲಸಿಕೆ ಚೀಟಿ.

ಹೆಜ್ಜೆ 3: 10ಕ್ಕೆ 9 ಎಂಬ ರೇಟಿಂಗನ್ನು ಬಿಚ್ಚಿ ನೋಡಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ಏಕೆಂದರೆ ಜನ ಲಕ್ಷಾಂತರ ಡಾಲರ್ ಹಾಕುವುದು ಈ ಒಂದು ಅಂಕೆಯ ಮೇಲೆ.

ಗ್ರೇಟ್‌ಸ್ಕೂಲ್ಸ್ ಎಂಬ ಜಾಲತಾಣ ಶಾಲೆಗಳಿಗೆ ಕೊಡುವ 1ರಿಂದ 10ರ ರೇಟಿಂಗಿನಲ್ಲಿ ಪರೀಕ್ಷೆಯ ಅಂಕಗಳದೇ ದೊಡ್ಡ ಪಾಲು. ಅಂಕಗಳಿಗೂ ಮನೆಯ ಆದಾಯ, ಅಪ್ಪ-ಅಮ್ಮನ ಓದಿಗೂ ಎಷ್ಟು ಗಟ್ಟಿ ನಂಟಿದೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ತಂಡ ದೇಶದ ಬಹುತೇಕ ಎಲ್ಲ ಡಿಸ್ಟ್ರಿಕ್ಟುಗಳ ಅಂಕಿಅಂಶ ಒಟ್ಟುಮಾಡಿ ತೋರಿಸಿದೆ. ಅದೇ ತಂಡ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ: ಮಕ್ಕಳು ಒಂದು ತರಗತಿಯಿಂದ ಮುಂದಿನದಕ್ಕೆ ಎಷ್ಟು ಕಲಿತರು ಎಂಬ ಬೆಳವಣಿಗೆಯ ಲೆಕ್ಕ. ಅದಕ್ಕೂ ಆದಾಯಕ್ಕೂ ನಂಟು ತೀರಾ ಸಡಿಲ. ಅಂದರೆ ಸರಾಸರಿ ಅಂಕ ಹೇಳುವುದು ಬಹುಪಾಲು ಆ ಬೀದಿಯ ಮನೆಗಳ ಕಥೆ. ಶಾಲೆಯ ಕೆಲಸ ಕಾಣುವುದು ಬೆಳವಣಿಗೆಯಲ್ಲಿ.

ನಿಮ್ಮದೇ ಮೇಜಿನ ಮೇಲೆ ಇದನ್ನು ಪರೀಕ್ಷಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ 3ರಿಂದ 8 ಮತ್ತು 11ನೇ ತರಗತಿಯ ಮಕ್ಕಳು ಪ್ರತಿ ವಸಂತದಲ್ಲಿ ಇಂಗ್ಲಿಷ್, ಗಣಿತದ ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ರಾಜ್ಯದ 'ಕಾಸ್ಪ್' ಜಾಲತಾಣದಲ್ಲಿ ಶಾಲೆವಾರು ಸಿಗುತ್ತದೆ. ಅಲ್ಲಿ ಗುಂಪುಗಳನ್ನು ಬೇರ್ಪಡಿಸುವ ಒಂದು ಆಯ್ಕೆಯಿದೆ, ಅದರಲ್ಲಿ ಪೋಷಕರ ವಿದ್ಯಾಭ್ಯಾಸವೂ ಒಂದು. ಎರಡು ಶಾಲೆಗಳ ಪುಟ ತೆರೆಯಿರಿ, ನಿಮ್ಮ ಮನೆಯನ್ನು ಹೋಲುವ ಗುಂಪನ್ನು ಮಾತ್ರ ಆರಿಸಿ, ಅದನ್ನು ಹೋಲಿಸಿ.

ಯಾಕೆ ಎಂದು ಒಂದು ಕಾಲ್ಪನಿಕ ಲೆಕ್ಕದಿಂದ ಹೇಳುತ್ತೇನೆ. ಎರಡು ಶಾಲೆಗಳಲ್ಲೂ ಸ್ನಾತಕೋತ್ತರ ಪದವೀಧರರ ಮಕ್ಕಳಲ್ಲಿ ನೂರಕ್ಕೆ 88 ಜನ, ಉಳಿದ ಮಕ್ಕಳಲ್ಲಿ ನೂರಕ್ಕೆ 64 ಜನ ಗುರಿ ಮುಟ್ಟುತ್ತಾರೆ ಎಂದುಕೊಳ್ಳಿ. ಪಾಠ ಎರಡೂ ಕಡೆ ಒಂದೇ ಮಟ್ಟದ್ದು. ಮೊದಲ ಶಾಲೆಯಲ್ಲಿ ಅಂಥ ಪದವೀಧರರ ಮಕ್ಕಳು ಶೇ. 80, ಎರಡನೆಯದರಲ್ಲಿ ಶೇ. 30. ಮೊದಲ ಶಾಲೆಯ ಒಟ್ಟು ಫಲಿತಾಂಶ ಶೇ. 83 ಬರುತ್ತದೆ, ಎರಡನೆಯದು ಶೇ. 71. ರೇಟಿಂಗಿನಲ್ಲಿ ಒಂದು ಹಸಿರು, ಇನ್ನೊಂದು ಹಳದಿ. ನಿಮ್ಮ ಮಗುವಿನ ಮಟ್ಟಿಗೆ ವ್ಯತ್ಯಾಸ ಸೊನ್ನೆ. ಆ ಸೊನ್ನೆಗೆ ಮನೆಯ ಬೆಲೆಯಲ್ಲಿ ಎಷ್ಟು ಸೊನ್ನೆ ಸೇರುತ್ತದೆ ಎಂದು ಏಜೆಂಟರನ್ನು ಕೇಳಿ.

ಎಲ್ಲ ವ್ಯತ್ಯಾಸವೂ ಹೀಗೆ ಕರಗುವುದಿಲ್ಲ. ಒಂದೇ ಗುಂಪನ್ನು ಹೋಲಿಸಿದಾಗಲೂ ಒಂದು ಶಾಲೆ ಹದಿನೈದಿಪ್ಪತ್ತು ಅಂಕ ಹಿಂದಿದ್ದರೆ, ಅದೂ ಮೂರು ವರ್ಷ ಸತತವಾಗಿ, ಅಲ್ಲಿ ಏನೋ ಇದೆ ಎಂದೇ ಅರ್ಥ. ಒಂದು ವರ್ಷದ ಏರಿಳಿತಕ್ಕೆ ಬೆಚ್ಚಬೇಡಿ. ಗುಂಪು ಚಿಕ್ಕದಾದಷ್ಟೂ ಅಂಕೆ ಜಿಗಿಯುತ್ತದೆ. 10 ಅಥವಾ ಕಡಿಮೆ ಮಕ್ಕಳಿದ್ದರೆ ರಾಜ್ಯ ಅದನ್ನು ತೋರಿಸುವುದೇ ಇಲ್ಲ. ಇನ್ನೊಂದು ವಿಷಯ: ಟ್ಯೂಷನ್. ಬೇ ಏರಿಯಾದ ಈ ಊರುಗಳಲ್ಲಿ ಸಂಜೆ ಗಣಿತದ ಕ್ಲಾಸಿಗೆ ಹೋಗದ ಮಗು ಅಪರೂಪ. ಆ ಅಂಕಗಳ ಕೀರ್ತಿಯೂ ಶಾಲೆಯ ಖಾತೆಗೇ ಜಮೆಯಾಗುತ್ತದೆ.

ರಾಜ್ಯದ 'ಸ್ಕೂಲ್ ಡ್ಯಾಶ್‌ಬೋರ್ಡ್' ಒಂದೇ ಅಂಕೆಗೆ ಎಲ್ಲವನ್ನೂ ಕುಗ್ಗಿಸುವುದಿಲ್ಲ. ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣದಲ್ಲಿ ಗೈರುಹಾಜರಿ, ಸಸ್ಪೆನ್ಷನ್, ಪಾಸಾಗುವ ಪ್ರಮಾಣ ಬೇರೆ ಬೇರೆಯಾಗಿ ಕಾಣುತ್ತದೆ. ನಾನು ಮೊದಲು ನೋಡುವುದು ದೀರ್ಘ ಗೈರುಹಾಜರಿಯನ್ನು. ಮಕ್ಕಳು ಬರಲು ಹಿಂದೇಟು ಹಾಕುವ ಶಾಲೆ ಅಲ್ಲಿ ಸಿಕ್ಕಿಬೀಳುತ್ತದೆ. ಪ್ರತಿ ಫೆಬ್ರವರಿ 1ರೊಳಗೆ ಶಾಲೆ ಪ್ರಕಟಿಸಬೇಕಾದ 'ಸಾರ್ಕ್' ವರದಿಯಲ್ಲಿ ಶಿಕ್ಷಕರ ಅರ್ಹತೆ, ತರಗತಿಯ ಗಾತ್ರ, ಕಟ್ಟಡದ ಸ್ಥಿತಿ ಇರುತ್ತದೆ. ಓದಲು ಬೇಸರ, ಆದರೆ ಹತ್ತು ನಿಮಿಷದ ಕೆಲಸ.

ಹೆಜ್ಜೆ 4: ದುಡ್ಡು ಎಲ್ಲಿಂದ ಬರುತ್ತದೆ

ಹೆಸರು ದೊಡ್ಡದಿದ್ದ ಮಾತ್ರಕ್ಕೆ ಖಜಾನೆ ದೊಡ್ಡದಿರುವುದಿಲ್ಲ. ಕ್ಯಾಲಿಫೋರ್ನಿಯಾ 2013ರಿಂದ ಒಂದು ಸೂತ್ರದಂತೆ ಡಿಸ್ಟ್ರಿಕ್ಟುಗಳಿಗೆ ಹಣ ಹಂಚುತ್ತದೆ: ಮಗುವಿಗಿಷ್ಟು ಎಂಬ ಮೂಲ ಮೊತ್ತ, ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಹೆತ್ತವರಿಂದ ದೂರ, ಸರ್ಕಾರ ಗೊತ್ತುಮಾಡಿದ ಮನೆಗಳಲ್ಲಿ (ಫಾಸ್ಟರ್) ಬೆಳೆಯುವ ಮಕ್ಕಳಿಗೆ ಅದರ ಮೇಲೆ ಇನ್ನೂ ಶೇ. 20. ಸ್ಥಳೀಯ ಆಸ್ತಿ ತೆರಿಗೆಯೇ ಈ ಸೂತ್ರದ ಮೊತ್ತ ಮೀರಿದರೆ ಹೆಚ್ಚಿನದನ್ನು ಡಿಸ್ಟ್ರಿಕ್ಟ್ ಇಟ್ಟುಕೊಳ್ಳುತ್ತದೆ. ಅಂಥವನ್ನು 'ಬೇಸಿಕ್ ಏಡ್' ಅನ್ನುತ್ತಾರೆ. ಪಾಲೊ ಆಲ್ಟೊ ಯುನಿಫೈಡ್ ಅಂಥದ್ದು, ಸಾಂತಾ ಕ್ಲಾರಾ ಯುನಿಫೈಡ್, ಸನಿವೇಲ್, ಫ್ರೀಮಾಂಟ್ ಯೂನಿಯನ್ ಕೂಡ. ಕ್ಯೂಪರ್ಟಿನೋ ಯೂನಿಯನ್ ಮಾತ್ರ ಹಲವು ವರ್ಷ ರಾಜ್ಯದ ಸೂತ್ರದಲ್ಲೇ ನಡೆಯಿತು; ಬಡ ಮಕ್ಕಳು ಕಡಿಮೆ ಇದ್ದುದರಿಂದ ಹೆಚ್ಚುವರಿ ಹಣವೂ ಕಡಿಮೆ. ಎಲ್ಲರೂ ಮುಗಿಬೀಳುತ್ತಿದ್ದ ಡಿಸ್ಟ್ರಿಕ್ಟಿಗಿಂತ ಪಕ್ಕದವರ ಕೈಲಿ ಮಗುವಿಗೆ ಹೆಚ್ಚು ದುಡ್ಡಿತ್ತು!

ಇದರಿಂದ ನಿಮಗೇನು? ಬೇಸಿಕ್ ಏಡ್ ಕಡೆ ಹೊಸ ಮಗು ಬಂದರೆ ಹೊಸ ಹಣ ಬರುವುದಿಲ್ಲ. ಹಾಗಾಗಿ ವಾಸದ ದಾಖಲೆ ಕಟ್ಟುನಿಟ್ಟು, ಹೊರಗಿನವರಿಗೆ ವರ್ಗಾವಣೆ ಸಿಗುವುದು ಕಷ್ಟ. ಸೂತ್ರದ ಹಣದಲ್ಲಿ ನಡೆಯುವ ಕಡೆ ಮಕ್ಕಳು ಕಡಿಮೆಯಾದಂತೆ ಹಣವೂ ಕಡಿಮೆಯಾಗುತ್ತದೆ. ಸಂಗೀತ, ಗ್ರಂಥಾಲಯ, ಕೌನ್ಸೆಲರ್ ಮೊದಲು ಹೋಗುತ್ತಾರೆ. ಅದನ್ನು ತುಂಬಲು ದೇಣಿಗೆ ಕೇಳುವ ಪ್ರತಿಷ್ಠಾನಗಳಿರುತ್ತವೆ, ಪಾರ್ಸೆಲ್ ತೆರಿಗೆಗೆ (ಆಸ್ತಿಯೊಂದಕ್ಕೆ ಇಷ್ಟೆಂದು ಹಾಕುವ ಸ್ಥಳೀಯ ತೆರಿಗೆ) ಮತದಾನವೂ ನಡೆಯುತ್ತದೆ. ಈ ತೆರಿಗೆಗೆ ಸಾಮಾನ್ಯವಾಗಿ ಮೂರನೇ ಎರಡರಷ್ಟು ಮತ ಬೇಕು, ಕಟ್ಟಡದ ಬಾಂಡಿಗೆ ಶೇ. 55 ಸಾಕು. ಹೊಸ ಜಿಮ್ ಮಿನುಗುತ್ತಿರುವ ಶಾಲೆಯಲ್ಲಿ ಸಂಗೀತದ ಟೀಚರ್ ಇಲ್ಲದಿರುವುದು ಇದಕ್ಕೇ: ಬಾಂಡಿನ ಹಣದಲ್ಲಿ ಸಂಬಳ ಕೊಡುವಂತಿಲ್ಲ.

ಹೆಜ್ಜೆ 5: ಐದು ವರ್ಷ ಮುಂದಿನ ಶಾಲೆ ನೋಡಿ

ಮಗು ಈಗ ಸ್ಟ್ರೋಲರಿನಲ್ಲಿದ್ದರೆ ನೀವು ಕೊಳ್ಳುತ್ತಿರುವುದು ಇವತ್ತಿನ ಶಾಲೆಯನ್ನಲ್ಲ. ಮನೆ ಬೆಲೆ ಏರಿ ಎಳೆಯ ಕುಟುಂಬಗಳು ಬರಲಾಗದೆ ಈ ಭಾಗದಲ್ಲಿ ಮಕ್ಕಳ ಸಂಖ್ಯೆಯೇ ಇಳಿಯುತ್ತಿದೆ. ಕ್ಯೂಪರ್ಟಿನೋ ಯೂನಿಯನ್ 2022ರಲ್ಲಿ ರೆಗ್ನಾರ್ಟ್, ಮೇಯರ್‌ಹೋಲ್ಜ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿತು. ಆ ಶಾಲೆ ನೋಡಿಯೇ ಪಕ್ಕದ ಬೀದಿಯಲ್ಲಿ ಮನೆ ಕೊಂಡವರಿದ್ದರು.

ಮುಚ್ಚುವ ಸುದ್ದಿ ಬೋರ್ಡ್ ಸಭೆಯ ಕಾರ್ಯಸೂಚಿಯಲ್ಲಿ ತಿಂಗಳುಗಳ ಮುಂಚೆಯೇ ತಲೆ ಹಾಕುತ್ತದೆ. ರಾಜ್ಯದ ಬ್ರೌನ್ ಕಾಯ್ದೆ ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲು ಎಲ್ಲರಿಗೂ ಕಾಣುವಂತೆ ಹಾಕಬೇಕು. ಒಂದು ವರ್ಷದ ಕಾರ್ಯಸೂಚಿಗಳನ್ನು ತೆರೆದು ಗಡಿ ಬದಲಾವಣೆ, ಶಾಲೆಗಳ ವಿಲೀನ, ಮಕ್ಕಳ ಸಂಖ್ಯೆಯ ಅಂದಾಜು, ಬಜೆಟ್ ಕಡಿತ ಇವನ್ನು ಹುಡುಕಿ. ಮಕ್ಕಳ ಸಂಖ್ಯೆಯ ಅಂದಾಜು ವರದಿ ಸಿಕ್ಕರೆ ನಿಮ್ಮ ಶಾಲೆಯ ಸಾಲಿಗೆ ನೇರ ಹೋಗಿ. ಮುಂದಿನ ವರ್ಷಗಳ ಅಂಕೆ ಜಾರುತ್ತಲೇ ಹೋಗಿದ್ದರೆ ಆ ಬೀದಿಗೆ ಹೆಚ್ಚಿನ ಬೆಲೆ ಕೊಡಬೇಡಿ. ಒಂದು ಸಭೆಯ ವಿಡಿಯೊವನ್ನಾದರೂ ನೋಡಿ, ಪೋಷಕರು ಮಾತಾಡುವ ಭಾಗವನ್ನು ಬಿಡಬೇಡಿ. ಊರಿನ ಜಗಳ ಯಾವುದರ ಮೇಲೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಹೆಜ್ಜೆ 6: ಹೈಸ್ಕೂಲು, ಗಣಿತ, ಮತ್ತು ಆ ಶೇ. 9

ಪಕ್ಕಪಕ್ಕದ ಡಿಸ್ಟ್ರಿಕ್ಟುಗಳು ನಿಜಕ್ಕೂ ಬೇರೆಯಾಗುವುದು ಮಿಡಲ್ ಸ್ಕೂಲಿನ ಗಣಿತದಲ್ಲಿ. 8ನೇ ತರಗತಿಯಲ್ಲಿ ಆಲ್ಜೀಬ್ರಾ ಕೊಡುತ್ತಾರೋ, ಜಾಮೆಟ್ರಿವರೆಗೂ ಬಿಡುತ್ತಾರೋ, ಯಾವ ಪರೀಕ್ಷೆಯ ಮೇಲೆ ಮಗುವನ್ನು ಮೇಲಿನ ದಾರಿಗೆ ಹಾಕುತ್ತಾರೆ? ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ 8ನೇ ತರಗತಿಯ ಆಲ್ಜೀಬ್ರಾವನ್ನು ತೆಗೆದುಹಾಕಿ ಹತ್ತು ವರ್ಷ ಜಗಳವಾಡಿ ಮತ್ತೆ ತರಲು ಹೊರಟಿತು. ಡಿಸ್ಟ್ರಿಕ್ಟಿನ 'ಮ್ಯಾತ್ ಪಾಥ್‌ವೇ' ಚಿತ್ರಪಟ ಕೇಳಿ ಪಡೆಯಿರಿ, ಎರಡನ್ನೂ ಪಕ್ಕಪಕ್ಕ ಇಡಿ. ಹೈಸ್ಕೂಲಿನಲ್ಲಿ ಎಪಿ (ಕಾಲೇಜು ಮಟ್ಟದ) ಕೋರ್ಸುಗಳು ಎಷ್ಟಿವೆ ಎನ್ನುವುದಕ್ಕಿಂತ, ಬೇಕೆಂದವರಿಗೆಲ್ಲ ಸಿಗುತ್ತದೆಯೇ ಎಂದು ಕೇಳುವುದು ಮೇಲು.

ಇನ್ನು ಕಾಲೇಜು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ನೋಡುವುದಿಲ್ಲ. ಅರ್ಹತೆಗೆ ಅದು ಇಟ್ಟಿರುವ ಒಂದು ಬಾಗಿಲು, ಯೋಜನೆಗೆ ಸೇರಿದ ಪ್ರತಿ ಹೈಸ್ಕೂಲಿನ ಮೇಲಿನ ಶೇ. 9 ವಿದ್ಯಾರ್ಥಿಗಳಿಗೆ. ಹೆಸರಾಂತ ಬರ್ಕ್ಲಿ ಕ್ಯಾಂಪಸ್ಸೇ ಸಿಗುತ್ತದೆಂದಲ್ಲ, ಜಾಗವಿರುವ ಯಾವುದೋ ಕ್ಯಾಂಪಸ್ಸಿನಲ್ಲಿ ಸೀಟಿನ ಭರವಸೆ. ಲಿನ್‌ಬ್ರೂಕ್ ಅಥವಾ ಮಾಂಟಾ ವಿಸ್ತಾದಲ್ಲಿ ಆ ಶೇ. 9ರೊಳಗೆ ನುಗ್ಗುವುದಕ್ಕೂ, ಅಷ್ಟೇನೂ ಹೆಸರಿಲ್ಲದ ಪಕ್ಕದ ಹೈಸ್ಕೂಲಿನಲ್ಲಿ ನುಗ್ಗುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಮಗುವಿನ ಸ್ವಭಾವ ಬಲ್ಲ ನೀವೇ ಅಂದಾಜು ಮಾಡಿ. ಓಟದ ಮಧ್ಯೆ ಇದ್ದರೇ ಓಡುವ ಮಕ್ಕಳಿದ್ದಾರೆ. ನನ್ನ ದೊಡ್ಡವಳು ಹಾಗೆ. ಚಿಕ್ಕವನು ಅಂಥ ಕಡೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾನೆ.

ಒತ್ತಡದ ವಿಷಯವನ್ನು ಊಟದ ಪಂಕ್ತಿಯಲ್ಲಿ ಯಾರೂ ಎತ್ತುವುದಿಲ್ಲ, ಆದರೆ ಎತ್ತಬೇಕು. ಹೈಸ್ಕೂಲಿಗೆ ಎಷ್ಟು ಕೌನ್ಸೆಲರ್‌ಗಳಿದ್ದಾರೆ, ಒಬ್ಬೊಬ್ಬರಿಗೆ ಎಷ್ಟು ಮಕ್ಕಳು, ಮಾನಸಿಕ ಆರೋಗ್ಯಕ್ಕೆ ಬೇರೆ ಸಿಬ್ಬಂದಿ ಇದ್ದಾರೆಯೇ ಎಂದು ನೇರವಾಗಿ ಕೇಳಿ. ತಡವರಿಸುವ ಉತ್ತರವೂ ಒಂದು ಉತ್ತರವೇ.

ಕಲಿಕೆಯ ತೊಂದರೆ, ಅಂಗವೈಕಲ್ಯದಂಥ ಕಾರಣಕ್ಕೆ ಮಗುವಿಗೆ ವಿಶೇಷ ನೆರವು ಬೇಕಿದ್ದರೆ ಮೇಲಿನದೆಲ್ಲಕ್ಕಿಂತ ಇದನ್ನು ಮೊದಲು ನೋಡಿ. ಪರೀಕ್ಷೆ ಮಾಡಿ ಎಂದು ಬರಹದಲ್ಲಿ ಕೇಳಿದರೆ ಕ್ಯಾಲಿಫೋರ್ನಿಯಾದ ಡಿಸ್ಟ್ರಿಕ್ಟ್ 15 ದಿನದಲ್ಲಿ ಆ ಪರೀಕ್ಷೆಯ ಯೋಜನೆ ಕೊಡಬೇಕು. ನೀವು ಒಪ್ಪಿದ ಮೇಲೆ 60 ದಿನದಲ್ಲಿ ಪರೀಕ್ಷೆ ಮುಗಿಸಿ ಐಇಪಿ (ಆ ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆ) ಸಭೆ ಕರೆಯಬೇಕು. ಕಾಯ್ದೆ ಎಲ್ಲರಿಗೂ ಒಂದೇ, ನಡವಳಿಕೆ ಒಂದೇ ಅಲ್ಲ. ಅಲ್ಲಿ ಈಗಾಗಲೇ ಐಇಪಿ ಇರುವ ಮಕ್ಕಳ ತಂದೆತಾಯಿಯರ ಜೊತೆ ಮಾತಾಡದೆ ಮನೆ ಬದಲಿಸಬೇಡಿ.

ಹೆಜ್ಜೆ 7: ಗೇಟಿನ ಮುಂದೆ ನಿಲ್ಲಿ

ಶಾಲೆ ಬಿಡುವ ಹೊತ್ತಿಗೆ ಒಂದು ದಿನ ಹೋಗಿ. ಮಕ್ಕಳು ಹೇಗೆ ಹೊರಬರುತ್ತಾರೆ, ಎಷ್ಟು ಜನ ನಡೆದು ಹೋಗುತ್ತಾರೆ, ಎಷ್ಟು ಜನ ಕಾರಿನಿಂದ ನೇರ ಟ್ಯೂಷನ್ನಿಗೆ? ಕಚೇರಿಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿ. ಉತ್ತರಿಸುವ ಧಾಟಿಯೇ ಆ ಶಾಲೆಯ ಜೊತೆ ನಿಮ್ಮ ಮುಂದಿನ ಐದಾರು ವರ್ಷ. ಶಾಲೆ ಮುಗಿದ ಮೇಲಿನ ಆರೈಕೆಗೆ ಕಾಯುವ ಪಟ್ಟಿ ಎಷ್ಟು ಉದ್ದ ಎಂದೂ ವಿಚಾರಿಸಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ರೇಟಿಂಗಿಗಿಂತ ದೊಡ್ಡ ಪ್ರಶ್ನೆ ಅದು.

ಹೆಜ್ಜೆ 8: ಕೊಳ್ಳುವ ಮುಂಚೆ ಬಾಡಿಗೆ

ನನ್ನ ಸಲಹೆ ನೇರ: ಮೊದಲ ಎರಡು ವರ್ಷ ಬಾಡಿಗೆಗಿರಿ. 1978ರಲ್ಲಿ ಜನರ ಮತದಿಂದ ಬಂದ ಪ್ರಾಪೊಸಿಷನ್ 13 ಎಂಬ ಕಾನೂನಿನ ಕಾರಣ ಆಸ್ತಿ ತೆರಿಗೆ ಕೊಂಡ ಬೆಲೆಯ ಶೇ. 1ರಿಂದ ಶುರುವಾಗಿ, ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮೂವತ್ತು ವರ್ಷ ಹಿಂದೆ ಕೊಂಡ ಪಕ್ಕದ ಮನೆಯ ಅಜ್ಜಿ ಕಟ್ಟುವುದರ ಹಲವು ಪಟ್ಟು ನೀವು ಕಟ್ಟುತ್ತೀರಿ, ಶಾಲೆ ಇಬ್ಬರಿಗೂ ಅದೇ. ಬಾಂಡು, ಪಾರ್ಸೆಲ್ ತೆರಿಗೆ, ಹೊಸ ಬಡಾವಣೆಯಾದರೆ ಮೆಲ್ಲೊ-ರೂಸ್ ಎಂಬ ಮೂಲಸೌಕರ್ಯದ ತೆರಿಗೆ ಇದರ ಮೇಲೆ. ಬಾಡಿಗೆಯವರ ಮಕ್ಕಳಿಗೂ ಅದೇ ಬೆಂಚು. ಎರಡು ಡಿಸ್ಟ್ರಿಕ್ಟಿನ ಮನೆಗಳ ನಡುವೆ ತಿಂಗಳ ಕಂತಿನಲ್ಲಿ ಬರುವ ವ್ಯತ್ಯಾಸವನ್ನು ಒಂದು ಕಾಗದದಲ್ಲಿ ಬರೆಯಿರಿ, ಆ ದುಡ್ಡಿನಲ್ಲಿ ಬೇರೇನು ಸಿಗುತ್ತಿತ್ತು ಎಂದೂ ಬರೆಯಿರಿ: ಈಜು, ವೀಣೆ, ಬೇಸಿಗೆಯಲ್ಲಿ ಊರಿಗೆ ಟಿಕೆಟ್, ಸಂಜೆ ಐದಕ್ಕೆ ಮನೆಗೆ ಬರುವ ಅಪ್ಪ.

ಬೇರೆ ರಾಜ್ಯದಲ್ಲಿದ್ದರೆ

ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಕೌಂಟಿಗೊಂದೇ ಡಿಸ್ಟ್ರಿಕ್ಟ್ ಎಂಬುದೇ ರೂಢಿ. ಫೇರ್‌ಫ್ಯಾಕ್ಸ್ ಅಥವಾ ಮಾಂಟ್‌ಗಮರಿಯಲ್ಲಿ ಡಿಸ್ಟ್ರಿಕ್ಟ್ ಹೋಲಿಸುವುದಕ್ಕಿಂತ ಅದರೊಳಗಿನ ಹೈಸ್ಕೂಲು ಗಡಿ ನೋಡಿ. ನಾರ್ತ್ ಕ್ಯಾರೊಲಿನಾದ ವೇಕ್ ಕೌಂಟಿಯಲ್ಲಿ ಶಾಲೆಯ ಹಂಚಿಕೆಯೇ ಆಗಾಗ ಬದಲಾಗುತ್ತದೆ, ಹೆಜ್ಜೆ 5 ಅಲ್ಲಿ ಹೆಜ್ಜೆ 1. ನ್ಯೂಜೆರ್ಸಿಯಲ್ಲಿ ಊರಿಗೊಂದು ಡಿಸ್ಟ್ರಿಕ್ಟ್ ಸಾಮಾನ್ಯ, ಆದರೂ ಎಡಿಸನ್ ಒಂದರಲ್ಲೇ ಜೆ.ಪಿ. ಸ್ಟೀವನ್ಸ್, ಎಡಿಸನ್ ಎಂಬ ಎರಡು ಹೈಸ್ಕೂಲುಗಳಿದ್ದು ಗಡಿ ಯಾವ ಬೀದಿಯಲ್ಲಿ ಎಂಬುದೇ ಮುಖ್ಯವಾಗುತ್ತದೆ. ಟೆಕ್ಸಸ್‌ನಲ್ಲಿ ಫ್ರಿಸ್ಕೊ ಡಿಸ್ಟ್ರಿಕ್ಟ್ ಪ್ಲೇನೊ, ಮೆಕಿನಿ ಊರುಗಳ ಒಳಗೂ ಚಾಚಿದೆ. ಅಲ್ಲಿ ಕಾಲೇಜಿನ ಲೆಕ್ಕ ಇನ್ನೂ ಖಾರ: ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಆಟೊಮ್ಯಾಟಿಕ್ ಪ್ರವೇಶ 2026ರ ಬ್ಯಾಚಿನಿಂದ ಪ್ರತಿ ಹೈಸ್ಕೂಲಿನ ಮೇಲಿನ ಶೇ. 5ಕ್ಕೆ ಮಾತ್ರ.

ಹೆಜ್ಜೆ 9: ಅರ್ಜಿ ತುಂಬುವ ದಿನ

ಕ್ಯಾಲಿಫೋರ್ನಿಯಾದಲ್ಲಿ ಸೆಪ್ಟೆಂಬರ್ 1ರೊಳಗೆ 5 ತುಂಬಿದರೆ ಕಿಂಡರ್‌ಗಾರ್ಟನ್, 4 ತುಂಬಿದರೆ ಅದಕ್ಕೂ ಮುಂಚಿನ 'ಟಿಕೆ'. 2025-26ರಿಂದ ಇದು ಆ ವಯಸ್ಸಿನ ಎಲ್ಲ ಮಕ್ಕಳಿಗೂ ತೆರೆದಿದೆ. ನೋಂದಣಿ ಚಳಿಗಾಲದಲ್ಲೇ ಶುರುವಾಗುತ್ತದೆ, ಮೊದಲ ವಾರದಲ್ಲೇ ಕೊಟ್ಟರೆ ಓವರ್‌ಫ್ಲೋ ಭಯ ಕಡಿಮೆ.

ಅರ್ಜಿಯ ಜೊತೆ ಮನೆಮಾತಿನ ಹಾಳೆಯೊಂದು ಬರುತ್ತದೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವುದು ಯಾವುದು. 'ಕನ್ನಡ' ಎಂದು ಬರೆದರೆ ಕಿಂಡರ್‌ಗಾರ್ಟನ್‌ನಿಂದ ಮೇಲಿನ ಮಗುವಿಗೆ ಮೊದಲ 30 ದಿನದೊಳಗೆ 'ಎಲ್‌ಪ್ಯಾಕ್' ಎಂಬ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಅದಕ್ಕೆ ಹೆದರಿ ಎಷ್ಟೋ ಜನ 'ಇಂಗ್ಲಿಷ್' ಎಂದು ಬರೆದುಬಿಡುತ್ತಾರೆ, ಏಜೆಂಟರೂ ಹಾಗೇ ಹೇಳಿಕೊಡುತ್ತಾರೆ. ನಿಜ ಬರೆಯಿರಿ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಒಂದೇ ಸಲಕ್ಕೆ ಮುಗಿಸಿ ಬರುತ್ತದೆ, ಬಾರದ ಮಗುವಿಗೆ ನೆರವು ಸಿಗುತ್ತದೆ, ಸೂತ್ರದ ಹಣದಲ್ಲಿ ನಡೆಯುವ ಡಿಸ್ಟ್ರಿಕ್ಟಿಗೆ ಆ ನೆರವಿಗೆಂದು ದುಡ್ಡೂ ಬರುತ್ತದೆ. ಅದೇ ದಿನ ಹೈಸ್ಕೂಲ್ ಡಿಸ್ಟ್ರಿಕ್ಟಿಗೆ ಇನ್ನೊಂದು ಇಮೇಲ್ ಕಳಿಸಿ: ವಾರಾಂತ್ಯದ ಕನ್ನಡ ಶಾಲೆಯಲ್ಲಿ ಓದಿದ್ದನ್ನು ವಿದೇಶಿ ಭಾಷೆಯ ಕ್ರೆಡಿಟ್ ಆಗಿ ಒಪ್ಪುತ್ತೀರಾ, ಪದವಿಪತ್ರದ ಮೇಲೆ ರಾಜ್ಯದ ದ್ವಿಭಾಷಾ ಮುದ್ರೆ ಪಡೆಯಲು ಕನ್ನಡಕ್ಕೆ ಯಾವ ಪರೀಕ್ಷೆ ನಡೆಯುತ್ತದೆ? ನಾವು ಇದನ್ನು ಕೇಳಿದ್ದು ದೊಡ್ಡವಳು 10ನೇ ತರಗತಿಗೆ ಬಂದ ಮೇಲೆ, ಅಷ್ಟು ಹೊತ್ತಿಗೆ ಅವಳು ಸ್ಪ್ಯಾನಿಷ್ ಎರಡು ವರ್ಷ ಮುಗಿಸಿದ್ದಳು.